ರಸ್ತೆಯೇ ಕೂಗಿ ಎಚ್ಚರಿಸಲಿ

ವಿಜ್ಞಾನವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಚಂದ್ರಲೋಕಕ್ಕೋ ಪರಮಾಣುವಿನ ಗರ್ಭಕ್ಕೋ ಹಾರುವುದುಂಟು. ಹಾರುವುದು ತಪ್ಪಲ್ಲ. ಆದರೆ ರಸ್ತೆಯ ಮೇಲೆ ಹಾಸಬಹುದಾದ ಒಂದು ರಬ್ಬರಿನ ಪಟ್ಟಿಯಲ್ಲಿಯೂ ಭೌತವಿಜ್ಞಾನದ ಹಲವು ಪಾಠಗಳು ಅಡಗಿವೆ. ಆ ಪಾಠಗಳನ್ನು ಕಲಿತು ಬಳಕೆಗೆ ತಂದರೆ ಕೆಲವರ ಪ್ರಾಣಗಳು ಉಳಿಯುವುವು. ಈ ಸಂಗತಿಯನ್ನು ವಾಚಕರ ಮುಂದಿಟ್ಟು, ಅದರ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಹೇಳುವುದೇ ಈ ಲೇಖನದ ಉದ್ದೇಶ.

ನಾವು ದಿನವೂ ಕಾಲೇಜಿಗೆ ಹೋಗಿಬರುವ ಹೆದ್ದಾರಿಯಲ್ಲಿ ಈಚೆಗೆ ಡಾಂಬರು ಹಾಕುವ ಕೆಲಸ ನಡೆಯಿತು. ಅರ್ಧ ರಸ್ತೆಯನ್ನು ಮುಚ್ಚಿ, ಉಳಿದರ್ಧದಲ್ಲಿ ಎರಡು ದಿಕ್ಕಿನ ವಾಹನಗಳನ್ನೂ ಸರದಿಯಂತೆ ಬಿಡುತ್ತಿದ್ದರು. ಒಂದು ಕೊನೆಯಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲುತ್ತಿದ್ದವನು ರಾಯಚೂರಿನ ಕಡೆಯಿಂದ ಕೂಲಿಯನ್ನರಸಿ ಬಂದ, ಐವತ್ತರ ಸುಮಾರಿನ ಆಳು. ಅವನ ಹೆಂಡತಿ ಜಲ್ಲಿ ಹೊರುತ್ತಿದ್ದಳು. ಮೊಮ್ಮಗು ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿರುತ್ತಿತ್ತು. ಒಂದು ಬೆಳಗ್ಗೆ ನಮ್ಮ ಬಸ್ಸು ಸಾಲಿನ ಕೊನೆಯಲ್ಲಿ ನಿಂತಿದ್ದಾಗ, ಹಿಂದಿನಿಂದ ಬಂದ ಲಾರಿಯೊಂದು ಗಾಲಿಗಳನ್ನು ಚೀರಿಸುತ್ತ, ಕಡೆಯ ಕ್ಷಣದಲ್ಲಿ ಪಕ್ಕಕ್ಕೆ ಹೊರಳಿ, ಸಾಲನ್ನು ದಾಟಿ, ಮುಚ್ಚಿದ್ದ ಭಾಗಕ್ಕೆ ನುಗ್ಗಿ, ಅಲ್ಲಿಟ್ಟಿದ್ದ ಕೋನುಗಳನ್ನು ಚೆಲ್ಲಾಪಿಲ್ಲಿ ಮಾಡಿ, ರೋಲರಿನಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು. ದೈವಕೃಪೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. ಚಾಲಕನು ಕೆಳಗಿಳಿದು, ರಾತ್ರಿಯೆಲ್ಲ ಗಾಡಿ ಓಡಿಸಿದ್ದರಿಂದ ಕಣ್ಣು ಎಳೆಯಿತೆಂದು ನಡುಗುತ್ತ ಹೇಳಿದನು. ಬಾವುಟದವನನ್ನು ನಾವು ಸಮಾಧಾನಪಡಿಸಲು ಹೋದಾಗ ಅವನು ಹೇಳಿದ ಮಾತು ಇದು: "ಸರ, ನೋಡೋರಿಗೆ ಬಾವುಟ ಕಾಣ್ತದ್ರಿ. ನೋಡದೇ ಇರೋರಿಗೆ ನಾ ಏನ್ ಮಾಡ್ಲಿರಿ?"

ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಯೋಚಿಸಿದಾಗ, ಇದು ಭೌತವಿಜ್ಞಾನದ ಪ್ರಶ್ನೆಯೇ ಆಗಿದೆಯೆಂದು ತೋರಿತು.

ಮೊದಲು ಅಪಾಯದ ಅಳತೆಯನ್ನು ತಿಳಿಯೋಣ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಓಡುವ ವಾಹನವು ಸೆಕೆಂಡಿಗೆ ಸುಮಾರು 22 ಮೀಟರು ಕ್ರಮಿಸುತ್ತದೆ. ಈ ವೇಗದಲ್ಲಿ ಯಾವುದಾದರೊಂದು ವಸ್ತುವಿಗೆ ಗುದ್ದುವುದು, 25 ಮೀಟರು ಎತ್ತರದಿಂದ, ಎಂದರೆ ಎಂಟು ಅಂತಸ್ತಿನ ಕಟ್ಟಡದ ಮೇಲಿನಿಂದ, ನೆಲಕ್ಕೆ ಬೀಳುವುದಕ್ಕೆ ಸಮ. ವೇಗವನ್ನು 40 ಕಿಲೋಮೀಟರಿಗೆ ಇಳಿಸಿದರೆ ಈ ಎತ್ತರವು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ; ಸುಮಾರು 6 ಮೀಟರು. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆಯೆಂದು ನಾವು ತರಗತಿಯಲ್ಲಿ ಹಲಗೆಯ ಮೇಲೆ ಬರೆಯುವ ಸೂತ್ರವೇ ಇಲ್ಲಿ ಜೀವ ಮರಣಗಳನ್ನು ತೀರ್ಮಾನಿಸುತ್ತದೆ.

ಇನ್ನು ನಿಲ್ಲುವ ದೂರ. ಅಪಾಯವನ್ನು ಕಂಡು, ಅದೇನೆಂದು ತಿಳಿದು, ಕಾಲನ್ನು ಬ್ರೇಕಿನ ಮೇಲೆ ಒತ್ತುವುದಕ್ಕೆ ಎರಡೂವರೆ ಸೆಕೆಂಡು ಬೇಕೆಂದು ರಸ್ತೆ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಷ್ಟರಲ್ಲಿ ನಮ್ಮ ಲಾರಿ 55 ಮೀಟರು ಮುಂದೆ ಹೋಗಿರುತ್ತದೆ. ಗಾಲಿ ಮತ್ತು ರಸ್ತೆಗಳ ನಡುವಣ ಘರ್ಷಣಾಂಕವನ್ನು 0.35 ಎಂದಿಟ್ಟುಕೊಂಡರೆ, ಬ್ರೇಕು ಹಿಡಿದ ಮೇಲೆ ನಿಲ್ಲುವುದಕ್ಕೆ ಇನ್ನೂ 72 ಮೀಟರು. ಒಟ್ಟು 127 ಮೀಟರಿಗೆ ಕಡಮೆಯಿಲ್ಲ. ಇದೂ ಚಾಲಕನ ಕಣ್ಣು ರಸ್ತೆಯ ಮೇಲಿದ್ದಾಗಿನ ಲೆಕ್ಕ. ಅವನು ಐದೇ ಸೆಕೆಂಡು ಮೊಬೈಲಿನ ಕಡೆಗೆ ನೋಡಿದನೆಂದರೆ, 111 ಮೀಟರು ದೂರವನ್ನು ಕುರುಡನಂತೆ ಕಳೆದಿರುತ್ತಾನೆ.

ಎಚ್ಚರಿಕೆಯ ಫಲಕ, ಬಾವುಟ, ಕೋನು, ಮಿನುಗುವ ದೀಪ ಇವೆಲ್ಲವೂ ಒಂದೇ ಬಾಗಿಲನ್ನು ತಟ್ಟುತ್ತವೆ; ಆ ಬಾಗಿಲು ಕಣ್ಣು. ಕಣ್ಣಿಗೆ ರೆಪ್ಪೆಯುಂಟು; ಕಿವಿಗೆ ರೆಪ್ಪೆಯಿಲ್ಲ, ಚರ್ಮಕ್ಕೂ ಇಲ್ಲ. ಆದುದರಿಂದ ನೋಡದವನನ್ನು ಎಚ್ಚರಿಸಬೇಕಾದರೆ ಬೇರೆ ಬಾಗಿಲನ್ನು ತಟ್ಟಬೇಕು. ಅದನ್ನು ತಟ್ಟುವ ಸಾಧನಕ್ಕೆ ಎಂಜಿನಿಯರುಗಳು 'ರಂಬಲ್ ಸ್ಟ್ರಿಪ್' ಎನ್ನುತ್ತಾರೆ. ನಾವು 'ಸದ್ದುಪಟ್ಟಿ' ಎಂದು ಕರೆಯೋಣ.

ಸದ್ದುಪಟ್ಟಿಯು ಹೊಸದೇನಲ್ಲ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಎಂಬ ಹೆದ್ದಾರಿಯ ಅಂಚಿನಲ್ಲಿ, ದಾರಿ ತಪ್ಪಿದ ಗಾಲಿ ಉರುಳಿದಾಗ ಸದ್ದಾಗುವಂತೆ, 1950ರ ದಶಕದಲ್ಲಿಯೇ ಕಾಂಕ್ರೀಟಿನ ಏರಿಳಿತಗಳನ್ನು ಮಾಡಿದ್ದರು. 'ಹಾಡುವ ಅಂಚು' ಎಂದು ಅದಕ್ಕೆ ಹೆಸರಾಯಿತು. ನಮ್ಮ ಹೆದ್ದಾರಿಗಳಲ್ಲಿಯೂ ಟೋಲ್ ಕಟ್ಟೆಯ ಮುಂದೆ, ಕೂಡುರಸ್ತೆಗಳ ಮುಂದೆ ರಸ್ತೆಗೆ ಅಡ್ಡಲಾಗಿ ಬಳಿದಿರುವ ದಪ್ಪನೆಯ ಬಿಳಿಯ ಗೆರೆಗಳನ್ನು ವಾಚಕರು ಕಂಡಿರಬಹುದು. ಇವೆಲ್ಲ ಒಂದೆಡೆ ಸ್ಥಿರವಾಗಿರತಕ್ಕವು. ರಸ್ತೆ ಕೆಲಸವಾದರೋ ಇಂದು ಇಲ್ಲಿ, ನಾಳೆ ಅಲ್ಲಿ. ಆದುದರಿಂದ ಬೆಳಗ್ಗೆ ಹಾಸಿ ಸಂಜೆ ಎತ್ತಿಡಬಹುದಾದ ಸದ್ದುಪಟ್ಟಿಗಳನ್ನು ಅಮೆರಿಕದಲ್ಲಿ ಬಳಕೆಗೆ ತಂದರು. ಅಲ್ಲಿ ರಸ್ತೆ ಕೆಲಸದ ಸ್ಥಳಗಳಲ್ಲಿ 2021ನೆಯ ಒಂದೇ ವರ್ಷದಲ್ಲಿ 950ಕ್ಕಿಂತ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಂದಿ ಕೆಲಸಗಾರರಲ್ಲ, ವಾಹನಗಳಲ್ಲಿದ್ದವರು. ಈ ಮಾತನ್ನು ನಾವು ಒತ್ತಿ ಹೇಳುತ್ತೇವೆ. ಏಕೆಂದರೆ ಕೂಲಿಯವನ ರಕ್ಷಣೆ ಬೇರೆ, ನಮ್ಮ ರಕ್ಷಣೆ ಬೇರೆ ಎಂಬ ಭಾವನೆ ಅನೇಕರಲ್ಲಿದೆ.

ಈ ಪಟ್ಟಿಯ ರಚನೆ ಸರಳ. ಉದ್ದ ಸುಮಾರು 3.3 ಮೀಟರು, ಅಗಲ 30 ಸೆಂಟಿಮೀಟರು, ದಪ್ಪ 2 ಸೆಂಟಿಮೀಟರು. ರಬ್ಬರಿನಂತಹ ಗಟ್ಟಿಯಾದ ಪದಾರ್ಥ. ತೂಕ ಸುಮಾರು 50 ಕಿಲೋಗ್ರಾಂ. ಮೊಳೆಯಿಲ್ಲ, ಅಂಟಿಲ್ಲ. ಇಬ್ಬರು ಸೇರಿ ರಸ್ತೆಗೆ ಅಡ್ಡಲಾಗಿ ಹಾಸಿದರೆ ಮುಗಿಯಿತು. ಸಾಮಾನ್ಯವಾಗಿ ಮೂರು ಪಟ್ಟಿಗಳದು ಒಂದು ತಂಡ. ಪಟ್ಟಿಗಳ ನಡುವಣ ಅಂತರವು ವಾಹನಗಳ ವೇಗವನ್ನು ಅವಲಂಬಿಸಿದೆ. ಟೆಕ್ಸಾಸ್ ರಾಜ್ಯದ ಕ್ರಮದಂತೆ ಗಂಟೆಗೆ 40 ಮೈಲಿಯವರೆಗಿನ ರಸ್ತೆಗೆ 10 ಅಡಿ, ಅದಕ್ಕೆ ಮೇಲ್ಪಟ್ಟು 55 ಮೈಲಿಯವರೆಗೆ 15 ಅಡಿ. ಇದೇಕೆ ಹೀಗೆ? ಅಂತರವನ್ನು ವೇಗದಿಂದ ಭಾಗಿಸಿ ನೋಡಿ: ಮೊದಲನೆಯದರಲ್ಲಿ 0.17 ಸೆಕೆಂಡು, ಎರಡನೆಯದರಲ್ಲಿ 0.19 ಸೆಕೆಂಡು. ಉದ್ದ ಬದಲಾದರೂ ತಾಳ ಬದಲಾಗುವುದಿಲ್ಲ.

ಈ ತಾಳವನ್ನು ಇನ್ನಷ್ಟು ವಿಚಾರಿಸೋಣ. ಪಟ್ಟಿಗಳ ಅಂತರ 4.5 ಮೀಟರು, ಕಾರಿನ ವೇಗ ಗಂಟೆಗೆ 80 ಕಿಲೋಮೀಟರು, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ದೂರ 2.5 ಮೀಟರು ಎಂದಿರಲಿ. ಮುಂದಿನ ಗಾಲಿಯು ಪ್ರತಿ 0.2 ಸೆಕೆಂಡಿಗೊಮ್ಮೆ ಒಂದು ಪಟ್ಟಿಯನ್ನು ತುಳಿಯುತ್ತದೆ. ಹಿಂದಿನ ಗಾಲಿಯು 0.11 ಸೆಕೆಂಡು ತಡೆದು ಅದೇ ಪಟ್ಟಿಯನ್ನು ತುಳಿಯುತ್ತದೆ. ಎಂದರೆ ಮುಂದಿನದರ ಎರಡು ಪೆಟ್ಟುಗಳ ಹೆಚ್ಚುಕಡಮೆ ನಡುವೆ. ಹೀಗೆ ಸುಮಾರು ಅರ್ಧ ಸೆಕೆಂಡಿನಲ್ಲಿ, ಹೆಚ್ಚುಕಡಮೆ ಸಮಾನ ಬಿಡುವಿನಲ್ಲಿ, ಆರು ಪೆಟ್ಟುಗಳು ಬೀಳುತ್ತವೆ. ಈ ಅದುರು ಚಕ್ರದಿಂದ ಅಚ್ಚಿಗೆ, ಅಚ್ಚಿನಿಂದ ಗಾಡಿಯ ಒಡಲಿಗೆ, ಅಲ್ಲಿಂದ ಚಾಲಕನ ಆಸನಕ್ಕೂ ಅವನ ಕೈಯಲ್ಲಿರುವ ಸ್ಟಿಯರಿಂಗಿಗೂ ಹರಿಯುತ್ತದೆ. ಮಲಗಿದವನ ಮನೆಯ ಬಾಗಿಲನ್ನು ಒಮ್ಮೆ ತಟ್ಟಿದರೆ ಗಾಳಿಯೆಂದುಕೊಂಡಾನು. ಆರು ಬಾರಿ ಒಂದೇ ಸಮನೆ ತಟ್ಟಿದರೆ ಯಾರೋ ಬಂದಿದ್ದಾರೆಂದು ಎದ್ದೇಳುತ್ತಾನೆ.

ಇಲ್ಲಿ ವಿದ್ಯಾರ್ಥಿಗಳಿಗೊಂದು ಸಂದೇಹ ಬರಬೇಕು. ಮೊಳೆಯಿಲ್ಲದ ಪಟ್ಟಿಯ ಮೇಲೆ ಹತ್ತಾರು ಟನ್ ತೂಕದ ಲಾರಿ ಹಾದುಹೋದಾಗ ಪಟ್ಟಿ ಜಾರಿಹೋಗುವುದಿಲ್ಲವೆ? ಲೆಕ್ಕ ಮಾಡಿ ನೋಡೋಣ. ಅರ್ಧ ಮೀಟರು ತ್ರಿಜ್ಯದ ಗಾಲಿಯು 2 ಸೆಂಟಿಮೀಟರು ಎತ್ತರದ ಅಂಚನ್ನು ಮುಟ್ಟಿದಾಗ, ಅಂಚಿನ ಮೇಲೆ ಬೀಳುವ ಬಲವು ಗಾಲಿಯ ಕೇಂದ್ರದಿಂದ ಅಂಚಿಗೆ ಎಳೆದ ಗೆರೆಯ ನೇರದಲ್ಲಿರುತ್ತದೆ. ಪೈಥಾಗೊರಸನ ಪ್ರಮೇಯದಿಂದ ಈ ಗೆರೆಯ ಓರೆಯನ್ನು ತಿಳಿಯಬಹುದು: ಕೆಳಕ್ಕೆ ಒತ್ತುವ ಬಲ 100 ಆದರೆ ಮುಂದಕ್ಕೆ ದೂಡುವ ಬಲ ಸುಮಾರು 29. ಲಾರಿ ಭಾರವಾದಷ್ಟೂ ದೂಡುವ ಬಲ ಹೆಚ್ಚುತ್ತದೆ, ನಿಜ. ಆದರೆ ಅದೇ ಪ್ರಮಾಣದಲ್ಲಿ ಒತ್ತುವ ಬಲವೂ ಹೆಚ್ಚುತ್ತದೆ. ಪಟ್ಟಿಗೂ ರಸ್ತೆಗೂ ನಡುವಣ ಘರ್ಷಣಾಂಕವು 0.29ಕ್ಕಿಂತ ಹೆಚ್ಚಾಗಿದ್ದರೆ, ಎಂತಹ ಭಾರದ ಗಾಡಿ ಬಂದರೂ ಪಟ್ಟಿ ಜಾರದು. ಒಣಗಿದ ಡಾಂಬರಿನ ಮೇಲೆ ರಬ್ಬರಿಗೆ ಇದಕ್ಕಿಂತ ಎಷ್ಟೋ ಹೆಚ್ಚಿನ ಹಿಡಿತವಿರುತ್ತದೆ. ಲಾರಿಯು ತಾನೇ ತನ್ನ ತೂಕದಿಂದ ಪಟ್ಟಿಯನ್ನು ನೆಲಕ್ಕೆ ಬಿಗಿಯುತ್ತದೆಯೆನ್ನಬಹುದು.

ಆದರೆ ಇದೇ ಲೆಕ್ಕವು ಎರಡು ಎಚ್ಚರಿಕೆಗಳನ್ನೂ ಕೊಡುತ್ತದೆ. ರಸ್ತೆಯ ಮೇಲೆ ಮರಳು ಅಥವಾ ಜಲ್ಲಿಪುಡಿ ಇದ್ದರೆ ಹಿಡಿತ ಕುಗ್ಗುತ್ತದೆ. ಆದುದರಿಂದ ಹಾಸುವ ಮೊದಲು ಕಸಬರಿಕೆಯಿಂದ ಗುಡಿಸತಕ್ಕದ್ದು. ಮತ್ತು ಚಾಲಕನು ಪಟ್ಟಿಯ ಮೇಲೆಯೇ ಬ್ರೇಕು ಒತ್ತಿದರೆ, ಗಾಲಿಯು ಪಟ್ಟಿಯನ್ನು ಇನ್ನಷ್ಟು ಬಲವಾಗಿ ಮುಂದಕ್ಕೆ ತಳ್ಳುತ್ತದೆ. ದಿನದಲ್ಲಿ ಕೆಲವು ಬಾರಿಯಾದರೂ ಪಟ್ಟಿ ಓರೆಯಾಗಿದೆಯೇ ಎಂದು ನೋಡಿ ಸರಿಪಡಿಸತಕ್ಕದ್ದು.

ಇನ್ನು ಹಾಸುವುದೆಲ್ಲಿ? ಬಾವುಟದವನ ಮುಂದೆ ಎಂದು ಅನೇಕರು ಹೇಳಿಯಾರು. ನಮ್ಮ ಬಸ್ಸಿಗೆ ಒದಗಿದ ಗಂಡಾಂತರವು ಇದಕ್ಕೆ ಬೇರೆ ಉತ್ತರವನ್ನು ಕೊಡುತ್ತದೆ. ಅಂದು ಲಾರಿಗೆ ಎದುರಾದುದು ಬಾವುಟವಲ್ಲ, ನಿಂತ ವಾಹನಗಳ ಸಾಲಿನ ಬಾಲ. ಇಪ್ಪತ್ತು ವಾಹನಗಳು, ಒಂದೊಂದಕ್ಕೆ 10 ಮೀಟರಿನಂತೆ, ನಿಂತರೆ ಸಾಲು 200 ಮೀಟರು ಬೆಳೆಯುತ್ತದೆ. ಅದರ ಹಿಂದೆ ನಿಲ್ಲುವ ದೂರ 127 ಮೀಟರು. ಆದುದರಿಂದ ಪಟ್ಟಿಯು ಬಾವುಟದಿಂದ 330 ಮೀಟರಿಗೂ ಆಚೆ ಇರಬೇಕು. ಸಾಲು ಇನ್ನೂ ಬೆಳೆದರೆ ಪಟ್ಟಿಯನ್ನೂ ಹಿಂದಕ್ಕೆ ಒಯ್ಯಬೇಕು. ಸಾಲಿನ ನಡುವೆ ಸಿಕ್ಕಿಕೊಂಡ ಪಟ್ಟಿಯಿಂದ ಏನೂ ಪ್ರಯೋಜನವಿಲ್ಲ. ಎತ್ತಿ ಒಯ್ಯಬಹುದೆಂಬುದೇ ಈ ಪಟ್ಟಿಯ ಮುಖ್ಯ ಗುಣವೆಂದು ನಾವು ಭಾವಿಸುವುದು ಈ ಕಾರಣದಿಂದ.

ಈಗ ನಮ್ಮಲ್ಲಿ ನಡೆಯುತ್ತಿರುವುದೇನು? ಹಲವು ಕಡೆ ಗುತ್ತಿಗೆಯವರು ರಸ್ತೆಗೆ ಅಡ್ಡಲಾಗಿ ಕಲ್ಲುಗಳನ್ನಿಡುತ್ತಾರೆ, ಮರದ ಕೊಂಬೆಗಳನ್ನು ನಿಲ್ಲಿಸುತ್ತಾರೆ, ಇಲ್ಲವೆ ಮಣ್ಣು ಜಲ್ಲಿಗಳ ದಿಬ್ಬವನ್ನು ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಕಲ್ಲು ಅಲ್ಲಿಯೇ ಉಳಿದು, ರಾತ್ರಿ ಬರುವ ಮೋಟಾರ್ ಸೈಕಲಿನವನಿಗೆ ಯಮನಾಗುತ್ತದೆ. ಹಂಪು ಗಾಡಿಯನ್ನು ಬಲಾತ್ಕಾರದಿಂದ ನಿಧಾನ ಮಾಡಿಸುತ್ತದೆ. ಸದ್ದುಪಟ್ಟಿ ಬರಿಯ ಎಚ್ಚರಿಸುತ್ತದೆ. ವೇಗವಾಗಿ ಬರುವವನ ಮುಂದೆ ದಿಬ್ಬವನ್ನು ಹಾಕುವುದು, ನಿದ್ರಿಸುವವನನ್ನು ಮಂಚದಿಂದ ಕೆಡವಿ ಎಬ್ಬಿಸಿದಂತೆ.

ಸದ್ದುಪಟ್ಟಿಗೆ ಆಕ್ಷೇಪಣೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಅವುಗಳಲ್ಲಿ ಎಲ್ಲಕ್ಕಿಂತ ಬಲವಾದುದು ದ್ವಿಚಕ್ರ ವಾಹನಗಳ ವಿಷಯ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತ 1,68,491 ಮಂದಿಯಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಸ್ಕೂಟರಿನ ಗಾಲಿ ಚಿಕ್ಕದು. 22 ಸೆಂಟಿಮೀಟರು ತ್ರಿಜ್ಯವೆಂದಿಟ್ಟರೆ, ಮೇಲಿನ ಲೆಕ್ಕದಲ್ಲಿ 29 ಇದ್ದುದು 46 ಆಗುತ್ತದೆ. ಅದೇ ಪಟ್ಟಿ ಲಾರಿಗಿಂತ ಸ್ಕೂಟರನ್ನು ಗಟ್ಟಿಯಾಗಿ ತಡೆಯುತ್ತದೆ. ಆದುದರಿಂದ ನಮ್ಮ ದೇಶದಲ್ಲಿ ಬಳಸುವ ಪಟ್ಟಿಯ ಅಂಚುಗಳು ಇಳಿಜಾರಾಗಿರಬೇಕು. ತಿರುವುಗಳಲ್ಲಿ ಪಟ್ಟಿಯನ್ನು ಹಾಸಕೂಡದು. ಎಡ ಅಂಚಿನಲ್ಲಿ ಒಂದು ಮೀಟರಿನಷ್ಟು ಜಾಗವನ್ನು ಬಿಡಬೇಕು. ಆ ಜಾಗದಲ್ಲಿ ಕಾರು ನುಸುಳಿಕೊಳ್ಳುವುದೆಂಬ ಭಯ ಬೇಡ. ಕಾರಿನ ಎಡ ಬಲ ಗಾಲಿಗಳ ನಡುವೆ ಒಂದೂವರೆ ಮೀಟರಿನಷ್ಟು ಅಂತರವಿರುವುದರಿಂದ, ಒಂದು ಪಕ್ಕದ ಗಾಲಿಗಳಾದರೂ ಪಟ್ಟಿಯನ್ನು ತುಳಿಯಲೇಬೇಕು.

ಎರಡನೆಯದಾಗಿ, ರಸ್ತೆಯ ಮೇಲೆ ಏನೋ ಬಿದ್ದಿದೆಯೆಂದು ತಿಳಿದು ಕೆಲವರು ಥಟ್ಟನೆ ಪಕ್ಕಕ್ಕೆ ಹೊರಳಿಸಬಹುದು. ಇದಕ್ಕಾಗಿ ಪಟ್ಟಿಗೂ ಮುಂಚೆ ಒಂದು ಫಲಕವಿರುವುದು ಅವಶ್ಯ. ಮೂರನೆಯದಾಗಿ, ತುಂಬಿದ ಲಾರಿಯ ಚಾಲಕನಿಗೆ ಕಾರಿನವನಿಗಿಂತ ಕಡಮೆ ಅದುರು ಮುಟ್ಟುತ್ತದೆ. ಲಾರಿಗಳೇ ಹೆಚ್ಚಾಗಿರುವ ದಾರಿಯಲ್ಲಿ ಎರಡು ತಂಡ ಪಟ್ಟಿಗಳನ್ನು ಹಾಸುವುದು ಲೇಸು. ನಾಲ್ಕನೆಯದಾಗಿ, ಹಾಸುವವರು ಓಡುವ ವಾಹನಗಳ ನಡುವೆ ನಿಲ್ಲಬೇಕಾಗುತ್ತದೆ. ಹತ್ತು ನಿಮಿಷದ ಗುಂಡಿ ಮುಚ್ಚುವ ಕೆಲಸಕ್ಕೆ ಪಟ್ಟಿಗಳನ್ನು ಹಾಸಹೋದರೆ ತಪ್ಪಿಸುವ ಅಪಾಯಕ್ಕಿಂತ ತರುವ ಅಪಾಯವೇ ಹೆಚ್ಚಾದೀತು.

ಕಡೆಯದಾಗಿ, ಅಭ್ಯಾಸವೆಂಬ ಶತ್ರು. 'ಹುಲಿ ಬಂತು ಹುಲಿ' ಎಂದು ಸುಮ್ಮಸುಮ್ಮನೆ ಕೂಗಿದ ಹುಡುಗನ ಕಥೆಯನ್ನು ಬಲ್ಲದವರಿಲ್ಲ. ಕೆಲಸ ನಿಂತ ಮೇಲೆಯೂ ಪಟ್ಟಿ ರಸ್ತೆಯಲ್ಲಿ ಬಿದ್ದಿದ್ದರೆ, ನಾಲ್ಕು ದಿನದಲ್ಲಿ ಅದರ ಸದ್ದಿಗೆ ಯಾರೂ ಬೆಲೆ ಕೊಡುವುದಿಲ್ಲ. ಸಂಜೆ ಎತ್ತಿಡುವುದು ಬೆಳಗ್ಗೆ ಹಾಸುವುದರಷ್ಟೇ ಮುಖ್ಯ.

ಈ ಪಟ್ಟಿಯೊಂದರಿಂದಲೇ ಗಾಡಿಗಳ ವೇಗ ಬಹಳ ಇಳಿಯುವುದೆಂದೂ ಆಶಿಸಬಾರದು. ಪರೀಕ್ಷೆಗಳಲ್ಲಿ ಕಂಡ ಇಳಿತ ಸಾಮಾನ್ಯವಾಗಿ ದೊಡ್ಡದಲ್ಲ. ಪಟ್ಟಿಯ ಕೆಲಸ ಕಣ್ಣನ್ನು ರಸ್ತೆಗೆ ತಿರುಗಿಸುವುದು. ತಿರುಗಿದ ಕಣ್ಣಿಗೆ ಮುಂದೆ ಫಲಕ, ಕೋನು, ಬಾವುಟಗಳು ಇದ್ದೇ ಇರಬೇಕು. ಪಟ್ಟಿ ತಂದೆವೆಂದು ಬಾವುಟದವನನ್ನು ಮನೆಗೆ ಕಳುಹಿಸುವ ಲೆಕ್ಕಾಚಾರಕ್ಕೆ ನಮ್ಮ ಸಮ್ಮತಿಯಿಲ್ಲ.

ನಿಯಮಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ರಸ್ತೆ ಕೆಲಸದ ಸ್ಥಳಗಳ ಸಂಚಾರಕ್ಕಾಗಿಯೇ ಒಂದು ಮಾರ್ಗಸೂಚಿಯನ್ನು ಹೊರಡಿಸಿ, 2014ರಲ್ಲಿ ಅದನ್ನು ಪರಿಷ್ಕರಿಸಿದೆ. ಮುಂಚಿತ ಎಚ್ಚರಿಕೆಯ ವಲಯ, ಪಥ ಬದಲಿಸುವ ವಲಯ, ಕೆಲಸದ ವಲಯ, ಮುಕ್ತಾಯದ ವಲಯ ಎಂದು ಅದು ನಾಲ್ಕು ಭಾಗಗಳನ್ನು ಮಾಡುತ್ತದೆ. ನಾವು ಹೇಳುತ್ತಿರುವ ಪಟ್ಟಿಗೆ ತಕ್ಕ ಸ್ಥಳ ಮೊದಲನೆಯ ವಲಯ. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಉದಾಸೀನಕ್ಕೆ ಗುರಿಯಾಗಿರುವುದೂ ಅದೇ. ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಸೇರಿದ 198ಎ ಪ್ರಕರಣದಂತೆ, ವಿಧಿಸಿದ ಸುರಕ್ಷತಾ ಮಾನಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ರಸ್ತೆಯ ಹೊಣೆ ಹೊತ್ತ ಅಧಿಕಾರಿ, ಗುತ್ತಿಗೆದಾರ ಮೊದಲಾದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ದಂಡವು ಸಾವಿನ ನಂತರ ಬರುತ್ತದೆ; ಪಟ್ಟಿಯು ಸಾವಿಗೆ ಮುಂಚೆ ಬರಬೇಕು. ಹೆದ್ದಾರಿಯಲ್ಲಿ ಅರ್ಧ ದಿನಕ್ಕೆ ಮೀರಿದ ಪ್ರತಿಯೊಂದು ಕೆಲಸದ ಗುತ್ತಿಗೆಯಲ್ಲಿಯೂ, ಡಾಂಬರು ಜಲ್ಲಿಗಳ ಪಕ್ಕದಲ್ಲಿಯೇ, ಸದ್ದುಪಟ್ಟಿಗಳನ್ನು ಒಂದು ಬಾಬ್ತಾಗಿ ನಮೂದಿಸಿ ಅದಕ್ಕೆ ಬೇರೆಯಾಗಿ ಹಣ ಕೊಡಬೇಕೆಂಬುದು ನಮ್ಮ ಸಲಹೆ. ಬೇರೆಯಾಗಿ ಹಣ ಕೊಡದ ವಸ್ತುವನ್ನು ಯಾವ ಗುತ್ತಿಗೆದಾರನೂ ತಾನಾಗಿ ತರಲಾರನು. ಎಲ್ಲ ಕಡೆ ಜಾರಿಗೆ ತರುವ ಮೊದಲು, ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ನಮ್ಮ ರಸ್ತೆ, ನಮ್ಮ ಮಳೆ, ನಮ್ಮ ಸ್ಕೂಟರುಗಳಿಗೆ ತಕ್ಕಂತೆ ಪರೀಕ್ಷೆ ಮಾಡಲಿ.

ವಿದ್ಯಾರ್ಥಿ ಮಿತ್ರರೂ ಮಾಡಬಹುದಾದ ಕೆಲಸವಿದೆ. ರಸ್ತೆಯಿಂದ ದೂರದ ಸುರಕ್ಷಿತ ಸ್ಥಳದಲ್ಲಿ, ಇಲ್ಲವೆ ಮೇಲುಸೇತುವೆಯ ಮೇಲೆ ನಿಂತು, ತಿಳಿದ ಅಂತರದ ಎರಡು ಕಂಬಗಳ ನಡುವೆ ವಾಹನಗಳು ತೆಗೆದುಕೊಳ್ಳುವ ಕಾಲವನ್ನು ಅಳೆಯಿರಿ. 100 ಮೀಟರಿಗೆ 4.5 ಸೆಕೆಂಡು ಎಂದರೆ 80 ಕಿಲೋಮೀಟರು ವೇಗ. ಹತ್ತಿರದಲ್ಲಿ ರಸ್ತೆ ಕೆಲಸ ನಡೆಯುವಾಗ ಎಷ್ಟು ಮಂದಿ ಫಲಕವನ್ನು ಕಂಡು ವೇಗ ಇಳಿಸುತ್ತಾರೆಂದು ಎಣಿಸಿ ಬರೆದಿಡಿರಿ. ಕಾಲೇಜಿನ ಮೈದಾನದಲ್ಲಿ ಮೂರು ತೆಳುವಾದ ಹಲಗೆಗಳನ್ನು 80 ಸೆಂಟಿಮೀಟರು ಅಂತರದಲ್ಲಿಟ್ಟು, ಗಂಟೆಗೆ 15 ಕಿಲೋಮೀಟರಿನಂತೆ ಅವುಗಳ ಮೇಲೆ ಸೈಕಲನ್ನು ಓಡಿಸಿ ನೋಡಿರಿ, 0.2 ಸೆಕೆಂಡಿನ ತಾಳ ನಿಮ್ಮ ಕೈಗೇ ತಿಳಿಯುತ್ತದೆ. ಅಂತರವನ್ನು ಬದಲಿಸಿ ಮತ್ತೆ ನೋಡಿರಿ. ನಿಮ್ಮಲ್ಲಿ ಕೆಲವರು ನಾಳೆ ರಸ್ತೆಗಳನ್ನು ಕಟ್ಟಿಸುವ ಎಂಜಿನಿಯರುಗಳಾಗುವಿರಿ. ಹಲವರು ಆ ರಸ್ತೆಗಳಲ್ಲಿ ವಾಹನ ಓಡಿಸುವಿರಿ. ಇಬ್ಬರಿಗೂ ಈ ಲೆಕ್ಕಗಳು ಬೇಕು.

ಆ ಕೆಲಸ ಮುಗಿದು ನಮ್ಮ ಹೆದ್ದಾರಿ ಈಗ ನುಣುಪಾಗಿದೆ. ಬೇವಿನ ಮರದಲ್ಲಿ ಜೋಲಿಯಿಲ್ಲ. ಆ ಸಂಸಾರವು ಇನ್ನಾವುದೋ ರಸ್ತೆಯ ಅಂಚಿನಲ್ಲಿ ಬಿಡಾರ ಹೂಡಿರಬೇಕು. ಅಲ್ಲಿಯೂ ಆ ಮನುಷ್ಯನು ಬಾವುಟ ಹಿಡಿದು, ಬರುವ ಲಾರಿಯ ಚಾಲಕನು ತನ್ನನ್ನು ನೋಡುತ್ತಿದ್ದಾನೆಯೇ ಇಲ್ಲವೇ ಎಂದು ತಿಳಿಯದೆ ನಿಂತಿರಬೇಕು. ನೋಡದವರಿಗೆ ಏನು ಮಾಡಬೇಕೆಂಬ ಅವನ ಪ್ರಶ್ನೆಗೆ ಭೌತವಿಜ್ಞಾನದಲ್ಲಿ ಉತ್ತರವಿದೆ. ಆ ಉತ್ತರವನ್ನು ಅವನ ಮುಂದಣ ರಸ್ತೆಯ ಮೇಲೆ ಹಾಸುವ ಹೊಣೆ ಉಳಿದವರಾದ ನಮ್ಮೆಲ್ಲರದು.